ಪಟ್ಟೆ ಮೂಡಲು ಇನ್ನೊಂದು ದಿನ

ಕಾಸರಕೋಡಿನ ಉಮಾ ಹರಿಕಂತ್ರ ಅವರ ಮನೆಯಲ್ಲಿ, ಟಿವಿ ಇರಬೇಕಾದ ಜಾಗದಲ್ಲಿ ಎರಡು ಗಾಜಿನ ತೊಟ್ಟಿಗಳಿವೆ. ದೊಡ್ಡದರಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆಯಿರುವ ಒಂದು ಜೋಡಿ ಕ್ಲೌನ್ ಮೀನು. ಸಣ್ಣದು ಮರಿಗಳಿಗೆ. ಮೀನುಗಾರ ಹೆಂಗಸರಿಗೆ ಐದು ದಿನ ತರಬೇತಿ ಕೊಟ್ಟು, ಫೋಟೊ ತೆಗೆಸಿಕೊಂಡು, ಮೀನುಗಾರಿಕೆ ಇಲಾಖೆಯವರು ಕೊಟ್ಟದ್ದು. ಷರತ್ತು ಒಂದೇ: ಹದಿನೆಂಟನೇ ತಾರೀಕಿನ ತಪಾಸಣೆಯ ಹೊತ್ತಿಗೆ ಪಟ್ಟೆ ಮೂಡಿದ ಮರಿ ತೋರಿಸಬೇಕು, ಇಲ್ಲದಿದ್ದರೆ ಜೋಡಿಯೂ ತೊಟ್ಟಿಯೂ ವಾಪಸ್. ಬೆಳಕು ಹಾಕಿ ಕಡಲನ್ನು ಗೋರುವ ದೊಡ್ಡ ಬೋಟುಗಳಿಗೆ, ಅದನ್ನು ನಿಲ್ಲಿಸಲು, ಇಷ್ಟು ಕರಾರುವಾಕ್ಕಾದ ತಾರೀಕು ಯಾರಾದರೂ ಕೊಟ್ಟದ್ದನ್ನು ನಾನು ಕೇಳಿಲ್ಲ.

ಜೋಡಿ ಹಂಚಿನ ಚೂರಿನ ಮೇಲೆ ಮೊಟ್ಟೆಯಿಟ್ಟಿತು. ಏಳನೇ ತಾರೀಕಿಗೆ ಮೊಟ್ಟೆಗಳೊಳಗೆ ಬೆಳ್ಳಿಯಂಥ ಕಣ್ಣುಗಳು ಹೊಳೆದವು. ಅಂದರೆ ಅಂದೇ ಸಂಜೆ ಒಡೆಯಬೇಕು. ಒಡೆಯಲು ಗಾಢ ಕತ್ತಲೆ ಬೇಕು. ಉಮಾ ಹಂಚನ್ನು ಸಣ್ಣ ತೊಟ್ಟಿಗೆ ಸಾಗಿಸಿ, ಹೊನ್ನಾವರದ ಪೇಟೆಗೆ ಒಣಮೀನು ಮಾರಲು ಹೋದರು. ಬಸ್ಸು ತಪ್ಪಿತು. ಅತ್ತೆ ಹೊನ್ನಿಗೆ ಫೋನು ಮಾಡಿದರು.

"ಅತ್ತೇ, ತೊಟ್ಟಿ ಮೇಲಿನ ದೀಪ ಆರಿಸೂಕೆ ಹೇಳಿ ಅಂಕಿತಾಗೆ."

ಮುಸ್ಸಂಜೆಯಲ್ಲಿ ದೀಪ 'ಆರಿಸು' ಎಂಬ ಮಾತು ಹೊನ್ನಿಯ ಬಾಯಲ್ಲಿ ಬರುವುದುಂಟೆ? ಹಿಂದಿನವರು ಹೇಳುವಂತೆಯೇ ಮಗಳಿಗೆ ಕೂಗಿ ಹೇಳಿದರು: "ಹೆಣ್ಣೇ, ಆ ಮೀನಿನ ದೀಪ ದೊಡ್ಡದು ಮಾಡು!"

ಬಿ.ಕಾಂ. ಓದುವ ಅಂಕಿತಾ ಎದ್ದು ಹೋಗಿ ರೆಗ್ಯುಲೇಟರನ್ನು ಕೊನೆಯವರೆಗೆ ತಿರುಗಿಸಿದಳು. ತೊಟ್ಟಿ ಮದುವೆ ಮಂಟಪದಂತೆ ಬೆಳಗಿತು.

ಉಮಾ ಬಂದು ನೋಡಿದಾಗ ಒಂದು ಮೊಟ್ಟೆಯೂ ಒಡೆದಿರಲಿಲ್ಲ.

"ನೀ ಎಂತ ಮಾಡಿದ್ಯೇ?"

"ದೊಡ್ಡದು ಮಾಡೂಕೆ ಹೇಳಿದ್ರು, ಮಾಡಿದೆ ಅತ್ತಿಗೆ!"

"ದೊಡ್ಡದು ಅಂದ್ರೆ ಆರ್ಸೂದು, ಮಂಗ!" ಎಂದರು ಹೊನ್ನಿ. ಅಷ್ಟರಲ್ಲಿ ತಾವೇ ಆ ಮಾತು ಆಡಿಬಿಟ್ಟದ್ದು ತಿಳಿದು ಕೆನ್ನೆ ಕೆನ್ನೆ ಬಡಿದುಕೊಂಡರು. ಮೂವರೂ ನಕ್ಕರು. ಆದರೆ ಒಂದು ದಿನ ಹೋಗಿತ್ತು.

ಮರುದಿನ ಸಂಜೆ ಹೊನ್ನಿ ದೇವರ ದೀಪವನ್ನು ಅಂಗಳದ ತುಳಸಿಗೆ ಒಯ್ದು, ಕಿಟಕಿಗೆ ಕಂಬಳಿ ಕಟ್ಟಿ, ಬಾಗಿಲಲ್ಲಿ ಕಾವಲು ಕೂತರು. ಮೊಟ್ಟೆಗಳು ಒಡೆದವು. ರೆಪ್ಪೆಗೂದಲ ತುಂಡಿನಂಥ ಸುಮಾರು ಇನ್ನೂರು ಮರಿಗಳು.

ಮುಂದಿನ ಹತ್ತು ದಿನ ಉಮಾ ಪೇಟೆಗೆ ಹೋಗಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ, ಬಾಟಲಿಗಳ ಹಸಿರು ನೀರಲ್ಲಿ ರೋಟಿಫರ್ ಎಂಬ ಸೂಕ್ಷ್ಮ ಜೀವಿಗಳನ್ನು ಬೆಳೆಸಿ ಉಣಿಸಿದರು. ತೆಳು ಪೈಪಿನಿಂದ ತಳದ ಹೊಲಸು ಎಳೆದರು. ಇಳಿತದಲ್ಲಿ ಅಳಿವೆಯ ನೀರು ಸಪ್ಪೆಯೆಂದು ಭರತ ಏರಿ ಉಪ್ಪುನೀರು ಬರುವವರೆಗೆ ಕೊಡ ಹಿಡಿದು ಕಾದರು. ನಾಲ್ಕನೇ ದಿನ ಅರ್ಧಕ್ಕರ್ಧ ಸತ್ತವು. ಅಂದು ಉಮಾ ಊಟ ಮಾಡಲಿಲ್ಲ. ಆಮೇಲೂ ಒಂದೆರಡಾಗಿ ಸತ್ತು, ಕೊನೆಗೆ ಎಂಬತ್ತು ಉಳಿದವು.

ಹದಿನೆಂಟಕ್ಕೆ ಅಧಿಕಾರಿ ಬಂದರು. ಬಗ್ಗಿ ನೋಡಿದರು.

"ಪಟ್ಟೆ ಎಲ್ಲಿ ಅಮ್ಮಾ?"

"ನಾಳೆ ಮೂಡ್ತದೆ ಸರ್. ಒಂದು ದಿನ ತಡ ಆತು."

"ಫಾರ್ಮಿನಲ್ಲಿ 'ನಾಳೆ' ಅನ್ನೋ ಕಾಲಂ ಇಲ್ಲ."

ಹೊನ್ನಿ ಒಳಗಿಂದಲೇ ಕೇಳಿದರು: "ಸಾಹೇಬ್ರೇ, ನಿಮಗೆ ಹುಟ್ಟುವಾಗ್ಲೇ ಮೀಸೆ ಇತ್ತಾ?"

ಸಾಹೇಬರು ನಗಲಿಲ್ಲ. 'ಮರಿ ಇಲ್ಲ' ಎಂದು ಬರೆದು, ಸಹಿಗೆ ಫಾರ್ಮು ಚಾಚಿದರು. ಕಣ್ಣೆದುರು ಎಂಬತ್ತು ಜೀವ ಈಜುತ್ತಿರುವಾಗ 'ಇಲ್ಲ' ಎಂದು ಬರೆಯುವ ಪೆನ್ನು ಎಂಥದ್ದು! ಇಂಥ ಕಾಗದಕ್ಕೆ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡೇ ಈ ಕರಾವಳಿಯಲ್ಲಿ ಎಷ್ಟು ಮನೆಗಳಿಂದ ಏನೇನು ಒಯ್ದಿಲ್ಲ?

ಉಮಾ ಓದಿದರು. ಏಳನೇ ಇಯತ್ತೆಯ ದುಂಡು ಅಕ್ಷರದಲ್ಲಿ ಅದರ ಕೆಳಗೆ ಬರೆದರು: 'ಮರಿ ಇವೆ. ಎಂಬತ್ತು. ಪಟ್ಟೆಗೆ ಇನ್ನೊಂದು ದಿನ ಬೇಕು. ಸಾಹೇಬರು ಕಣ್ಣಾರೆ ನೋಡಿದ್ದಾರೆ.' ಆಮೇಲೆ ಸಹಿ ಹಾಕಿದರು.

"ಇದೇನಮ್ಮಾ, ಫಾರ್ಮು ಹಾಳು ಮಾಡಿದ್ರಲ್ಲ!"

"ನಿಮ್ಮದು ನೀವು ಬರೆದ್ರಿ, ನನ್ನದು ನಾ ಬರೆದೆ. ಈಗ ತೊಟ್ಟಿ ಒಯ್ಯಿರಿ."

ಆ ಕಾಗದ ಹಿಡಿದು ಯಾವ ಮೇಲಧಿಕಾರಿಯ ಮುಂದೆ ನಿಲ್ಲುವುದು? ಜೀಪು ಖಾಲಿಯೇ ಹೋಯಿತು.

ಮರುದಿನ ಬೆಳಿಗ್ಗೆ ಒಂಬತ್ತು ಮರಿಗಳ ತಲೆಯ ಹಿಂದೆ ಬಿಳಿ ಗೆರೆ ಮೂಡಿತು, ಸಂಜೆಗೆ ಮೂವತ್ತು ಮರಿಗಳಿಗೆ. ಉಮಾ ಫೋಟೊ ತೆಗೆದು ಸಾಹೇಬರ ಮೊಬೈಲಿಗೆ ಕಳಿಸಿದರು. ಅವರು ನೋಡಿದ್ದಾರೆಂಬ ನೀಲಿ ಗುರುತು ಬಂತು. ತೊಟ್ಟಿ ಒಯ್ಯಲು ಯಾರೂ ಬಂದಿಲ್ಲ. ಜೋಡಿ ಮತ್ತೆ ಮೊಟ್ಟೆಯಿಡಲು ಹೊಸ ಹಂಚಿನ ಚೂರನ್ನು ಬಾಯಿಂದ ಉಜ್ಜಿ ಶುಚಿ ಮಾಡತೊಡಗಿದೆ.