ಬೀಳಲು ಬಾರದ ಕೋಡಂಗಿ

ಚನಿಯಣ್ಣನಿಗೆ ಬೀಳಲು ಬರುತ್ತಿರಲಿಲ್ಲ. ತಲೆಬಿಸಿ ಅದೇ.

ಅಬುಧಾಬಿ ಪೇಟೆಯಿಂದ ತಾಸುಗಟ್ಟಲೆ ದೂರದ ರುವೈಸಿನ ಎಣ್ಣೆ ರಿಫೈನರಿಯಲ್ಲಿ ಎತ್ತರೆತ್ತರಕ್ಕೆ ಸ್ಕ್ಯಾಫೋಲ್ಡಿಂಗ್ ಕಟ್ಟುತ್ತಲೇ ತಲೆ ನರೆಸಿಕೊಂಡ ಮನುಷ್ಯ ಅವನು. ಹುಡುಗನಾಗಿದ್ದಾಗ ತನ್ನೂರು ಬೆಳ್ಮಣ್ಣಿನಲ್ಲಿ ಕಂಡಕಂಡವರ ನಡಿಗೆ ಅಣಕಿಸಿ ಬೈಸಿಕೊಂಡವನು. ಹೆಂಡತಿ ಹರಿಣಾಕ್ಷಿ ಅವನನ್ನು ಒಪ್ಪಿದ್ದೂ ಆ ಕೋಡಂಗಿತನಕ್ಕೇ. ಹೆಣ್ಣು ನೋಡಲು ಬಂದವನು ಅವಳ ಚಿಕ್ಕಪ್ಪ ಎಲೆಯಡಿಕೆ ಉಗುಳುವ ಗತ್ತನ್ನು ಅವರ ಬೆನ್ನ ಹಿಂದೆಯೇ ಮಾಡಿ ತೋರಿಸಿದ್ದ. ಇವಳ ಕೈಯಿಂದ ಚಾದ ಟ್ರೇ ಜಾರಿತ್ತು.

ಅಂಥವನಿಗೆ ಅಬುಧಾಬಿಯ ಊರವರ ಸಂಘದ ವಾರ್ಷಿಕೋತ್ಸವದಲ್ಲಿ ವರ್ಷವರ್ಷವೂ ಹಿಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟುವುದೇ ಗತಿ. ಅಷ್ಟು ದೂರದಿಂದ ರಿಹರ್ಸಲ್ಲಿಗೆ ಓಡಾಡುವುದು ಯಾರು? 2016ರಲ್ಲಿ, ಇನ್ನೇನು ರಿಟೈರ್, ವೀಸಾ ಕ್ಯಾನ್ಸಲ್ ಎಂದಾದಾಗ ಹಟ ಹಿಡಿದ: “ಒಮ್ಮೆ ಸ್ಟೇಜ್ ಹತ್ತಿ ಜನರನ್ನು ನಗಿಸದೆ ನಾನು ವಿಮಾನ ಹತ್ತುದಿಲ್ಲ.”

ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಟಿವಿ ಅಂಗಡಿ ಇಟ್ಟಿದ್ದ ಆನ್ಸೆಲ್ಮ್ ತಾನು ಆಡಿಸುವ ಪ್ರಹಸನದಲ್ಲಿ ಅವನಿಗೊಂದು ವೇಷ ಕೊಟ್ಟ. ಆನ್ಸೆಲ್ಮನ ಅಜ್ಜ 1920ರ ದಶಕದಲ್ಲಿ ಮಂಗಳೂರಿನ ಡೇರೆಯಲ್ಲಿ ಮೂಕಿ ಚಿತ್ರಗಳಿಗೆ ಹಾರ್ಮೋನಿಯಂ ಬಾರಿಸಿದವರು. ಮುಖಕ್ಕೆ ಹಿಟ್ಟು ಬಳಿದ ಕೋಡಂಗಿಗಳು ಪರದೆಯಲ್ಲಿ ಏಣಿಯಿಂದ ಉರುಳಿದರೆ ಜನ ಬೆಂಚಿನಿಂದ ಉರುಳುತ್ತಿದ್ದರಂತೆ. ಆಡುವುದು ಅದನ್ನೇ: ಚನಿಯಣ್ಣ, ಆನ್ಸೆಲ್ಮ್ ಇಬ್ಬರು ಕೋಡಂಗಿಗಳು, ಒಂದು ಏಣಿ, ಒಂದು ಬಕೆಟ್ ಮೈದಾ ಅಂಟು. ಮಾತಿಲ್ಲ. ಚನಿಯಣ್ಣ ಹತ್ತಬೇಕು, ಬೀಳಬೇಕು.

ಈ ಸಲ ಅಷ್ಟು ದೂರದಿಂದ ರಿಹರ್ಸಲ್ಲಿಗೂ ಬಂದ. “ಬೀಳಿ ಚನಿಯಣ್ಣ! ಕೆಳಗೆ ಹಾಸಿಗೆ ಉಂಟಲ್ಲ!” ಎಂದು ಆನ್ಸೆಲ್ಮ್ ಕೂಗಿದ.

“ನಾನು ಬೀಳ್ತೇನೆ ಮಾರಾಯ, ಕೈ ಏಣಿ ಬಿಡುದಿಲ್ಲ!”

“ಶುಕ್ರವಾರದೊಳಗೆ ಬೀಳದಿದ್ರೆ ಖಲಾಸ್. ನಿಮ್ಮ ಜಾಗಕ್ಕೆ ಮ್ಯಾಜಿಕ್‌ನವನು.”

ಮನೆಯಲ್ಲಿ ಹರಿಣಾಕ್ಷಿ ಅವನನ್ನು ಸೋಫಾದ ಮೇಲೆ ನಿಲ್ಲಿಸಿ ನೂಕಿದಳು. ಅವನು ಕಿಟಕಿಯ ಸರಳು ಹಿಡಿದುಕೊಂಡ.

“ಸೋಫಾದಿಂದ ಬೀಳ್ಲಿಕ್ಕೂ ಕಂಪೆನಿಯ ಪರ್ಮಿಟ್ ಬೇಕಾ ನಿಮಗೆ?” ಎಂದವಳೇ ಫೋನೆತ್ತಿದಳು. “ಬಿದ್ರು ಆನ್ಸೆಲ್ಮಣ್ಣ! ಎಂಥಾ ಚಂದ ಬಿದ್ರು ಗೊತ್ತುಂಟಾ!”

ವಾರ್ಷಿಕೋತ್ಸವದ ಶುಕ್ರವಾರ ಬಂತು. ಹಿಟ್ಟು ಮೆತ್ತಿದ ಮುಖದ ಚನಿಯಣ್ಣ ಕುಣಿಯುತ್ತಲೇ ಬಂದ. ಏಣಿ ಕಂಡದ್ದೇ ತಡೆದು ನಿಂತ. ಬಗ್ಗಿ ಅದರ ಕಾಲು ಒರೆಸಿದ, ಅಲ್ಲಾಡಿಸಿದ, ಮೆಟ್ಟಿಲುಗಳನ್ನು ಒಂದೊಂದಾಗಿ ಬಡಿದು ನೋಡಿದ. ಸಭೆಯಲ್ಲಿ ಕೂತ ರುವೈಸಿನ ಕೆಲಸದವರ ಗುಂಪಿಗೆ ಇದು ದಿನಾ ಬೆಳಗಿನ ಸೇಫ್ಟಿ ಪಾಠ: ಚೆಕ್ ಮಾಡಿ ಟ್ಯಾಗ್ ನೇತುಹಾಕದೆ ಯಾರೂ ಮೇಲೆ ಹತ್ತುವಂತಿಲ್ಲ. “ಚೆಕ್ ಆಯ್ತಾ? ಟ್ಯಾಗ್ ಎಲ್ಲಿ ಚನಿಯಣ್ಣಾ?” ಎಂದು ಯಾರೋ ಕೂಗಿದರು. ಚನಿಯಣ್ಣ ಆನ್ಸೆಲ್ಮನ ಎದೆಯಲ್ಲಿದ್ದ ಸಂಘದ ಬ್ಯಾಡ್ಜನ್ನೇ ಕಿತ್ತು ಏಣಿಗೆ ನೇತುಹಾಕಿದ. ಸನ್ಮಾನಕ್ಕೆಂದು ಮಡಚಿಟ್ಟ ಶಾಲಿನಿಂದ ಏಣಿಯನ್ನು ಕಂಬಕ್ಕೆ ಬಿಗಿದ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೊನೆಗೂ ಹತ್ತಿದ, ಎರಡೂ ಕೈಯಲ್ಲಿ ಅಪ್ಪಿಕೊಂಡು.

“ಬೀಳಿ ಮಾರಾಯ್ರೆ, ಬೀಳಿ!” ಹಲ್ಲು ಕಚ್ಚಿ ಪಿಸುಗುಟ್ಟಿದ ಆನ್ಸೆಲ್ಮ್ ಏಣಿಯನ್ನು ಜಗ್ಗಿದ. ಕಟ್ಟಿದ ಏಣಿ ಕದಲೀತೇ? ಜಗ್ಗಿದವನ ಕಾಲೇ ಅವನ ಕೈಯ ಬಕೆಟ್ಟಿನಿಂದ ಚೆಲ್ಲಿದ ಅಂಟಿನ ಮೇಲೆ ಜಾರಿತು. ದೊಪ್ಪನೆ ಕೂತ, ಬಕೆಟ್ ಅವನ ತಲೆಗೆ ಟೋಪಿಯಾಯಿತು.

ಮೂಕಿ ಆಟ ಎಂಬುದೇ ಮರೆತು ಚನಿಯಣ್ಣ ಅಬ್ಬರಿಸಿದ: “ಯಾರೂ ಅಲ್ಲಾಡ್ಬೇಡಿ! ನೆಲ ಜಾರ್ತದೆ!”

ಹರಿಣಾಕ್ಷಿಗೆ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿತು. ಅವನು ಮಾತ್ರ ಒಂದೊಂದೇ ಮೆಟ್ಟಿಲು ಇಳಿದು, ತೋರಣ ಕಿತ್ತು, ಸೈಟಿನಲ್ಲಿ ಅಪಾಯದ ಜಾಗಕ್ಕೆ ಕಟ್ಟುವಂತೆ ಆನ್ಸೆಲ್ಮನ ಸುತ್ತ ಬೇಲಿ ಕಟ್ಟಿದ.

“ಒನ್ಸ್ ಮೋರ್!” ಸಭೆ ಎದ್ದು ನಿಂತಿತು.

“ಹತ್ತಿ ಚನಿಯಣ್ಣ, ಹತ್ತಿ, ನಾನೇ ಬೀಳ್ತೇನೆ!” ಎಂದಿತು ಬಕೆಟ್ಟಿನೊಳಗಿನ ದನಿ.

“ನೆಲ ಒರೆಸದೆ ಹತ್ತುದಿಲ್ಲ,” ಎಂದ ಚನಿಯಣ್ಣ, ಮಾಪ್ ತರಿಸಿಕೊಂಡು ಒರೆಸತೊಡಗಿದ. ಅವನು ಅತ್ತ ಎಳೆದಾಗೊಮ್ಮೆ, ಇತ್ತ ಎಳೆದಾಗೊಮ್ಮೆ ಇಡೀ ಸಭೆ ಚಪ್ಪಾಳೆಯ ತಾಳ ಹಾಕುತ್ತಿತ್ತು.