ರಿಪೇರಿಗೆ ಹೋದ ಮೂಗು

ಸಾಬೂನು ಕಾರ್ಖಾನೆಯ ಹಿಂದಿನ ಬೀದಿಗೆ ಬಂದು ಯಾರನ್ನು ಬೇಕಾದರೂ ಕೇಳಿ, ಮೂಗಪ್ಪನ ಮನೆ ತೋರಿಸುತ್ತಾರೆ. ಅದು ತಂದೆತಾಯಿ ಇಟ್ಟ ಹೆಸರಲ್ಲ, ಕೆಲಸ ನೋಡಿ ಜನ ಇಟ್ಟದ್ದು. ಕಾರ್ಖಾನೆಯಲ್ಲಿ ಕುದಿಸಿದ ಸಾಬೂನು ಅಚ್ಚಿಗೆ ಹೋಗುವ ಮುಂಚೆ ಅವನ ಮೂಗಿನ ಕೆಳಗೆ ಹಾದು ಹೋಗಬೇಕು. ಅವನು ‘ಸರಿ’ ಅಂದರೆ ಸರಿ, ‘ಊಹೂಂ’ ಅಂದರೆ ಅಷ್ಟೂ ಮತ್ತೆ ಕೊಪ್ಪರಿಗೆಗೆ. ಅದಕ್ಕೆಂದೇ ಒಂದು ಗಾಜಿನ ಕೋಣೆ, ಒಂದು ಬಿಳಿ ಕೋಟು, ಒಂದು ತಿರುಗುವ ಕುರ್ಚಿ. ಬಾಗಿಲ ಮೇಲೆ ‘ಪರಿಮಳ ಹಚ್ಚಿಕೊಂಡವರಿಗೆ ಪ್ರವೇಶವಿಲ್ಲ’ ಎಂಬ ಫಲಕ. ಒಮ್ಮೆ ಕಾರ್ಖಾನೆಯ ಸಾಹುಕಾರರ ಸ್ವಂತ ಅಳಿಯನೇ ಸೆಂಟು ಹಾಕಿಕೊಂಡು ಒಳಗೆ ಬಂದಿದ್ದಕ್ಕೆ, ಕೈ ಹಿಡಿದು ಆಚೆ ಕಳಿಸಿದ್ದರು.

ಆದರೆ ಆ ಮೂಗು ಅವನದಲ್ಲ. ಹನ್ನೊಂದು ವರ್ಷ ಮುಚ್ಚಿಟ್ಟ ಗುಟ್ಟು ಈಗ ಬೀದಿಗೆಲ್ಲ ಗೊತ್ತಾಗಿದೆ, ನಾನೊಬ್ಬಳು ಬಾಯಿಗೆ ಬೀಗ ಹಾಕಿಕೊಂಡು ಏನು ಮಾಡಲಿ? ಮೂಗು ಅವನ ಹೆಂಡತಿಯದು.

ಅವಳು ಬೆಳೆದದ್ದು ಎಣ್ಣೆ ಅಂಗಡಿಯಲ್ಲಿ. ಅಪ್ಪ ಡಬ್ಬದ ಮುಚ್ಚಳ ತೆಗೆದು, "ನೋಡು ಮಗಳೇ, ಕಮಟಾಗಿದೆಯಾ?" ಎಂದು ಕೇಳಿದರೆ, ಏಳು ವರ್ಷದ ಹುಡುಗಿ ಬಗ್ಗಿ ಮೂಸಿ, "ಇವತ್ತಿಲ್ಲ, ಇನ್ನು ನಾಲ್ಕು ದಿನಕ್ಕೆ ಆಗುತ್ತೆ" ಅನ್ನುತ್ತಿದ್ದಳು. ನಾಲ್ಕನೇ ದಿನಕ್ಕೆ ಸರಿಯಾಗಿ ಕಮಟಾಗುತ್ತಿತ್ತು. ಅಂಥ ಮೂಗನ್ನು ಹೊತ್ತು ಬಂದವಳಿಗೆ ಅತ್ತೆಮನೆಯಲ್ಲಿ ಸಿಕ್ಕ ಕೆಲಸ ಅಂದರೆ ಹಾಲು ಒಡೆದಿದೆಯೋ ಇಲ್ಲವೋ ಹೇಳುವುದು.

ಗಂಡನಿಗೂ ಮೊದಲು ಒಳ್ಳೆಯ ಮೂಗೇ ಇತ್ತು, ಇಲ್ಲ ಅನ್ನಬಾರದು. ಮದುವೆಯಾದ ನಾಲ್ಕನೇ ವರ್ಷ ಒಂದು ನೆಗಡಿ ಹಿಡಿಯಿತು. ಬಂದ ನೆಗಡಿ ನೆಂಟನ ಹಾಗೆ ಬಂದು ಮನೆಯವನ ಹಾಗೆ ಕೂತಿತು. ಹಣೆ ಭಾರ, ಕೆನ್ನೆಯ ಮೂಳೆಯೊಳಗೆ ನೋವು, ಬಗ್ಗಿ ಚಪ್ಪಲಿ ಹಾಕಿಕೊಂಡರೆ ಕಣ್ಣು ಕತ್ತಲೆ. ಹಬೆ ತೆಗೆದುಕೊಂಡ, ಹನಿ ಬಿಟ್ಟುಕೊಂಡ, ಮಾತ್ರೆಯ ಮೇಲೆ ಮಾತ್ರೆ ನುಂಗಿದ. ಡಾಕ್ಟರು ಸೈನಸ್ ಅಂದರು, ಒಳಗೆ ದ್ರಾಕ್ಷಿಯಂಥ ಗಡ್ಡೆಗಳು ತುಂಬಿಕೊಂಡಿವೆ ಅಂದರು. ಒಂದು ಸಂಜೆ ಅವನು ಊಟದ ಡಬ್ಬಿಯ ಮೇಲಿನ ಬಟ್ಟಲಲ್ಲಿ ಸಾಬೂನಿನ ಚೂರು ಕಟ್ಟಿದ ಮೂರು ಕಾಗದದ ಪೊಟ್ಟಣ ಇಟ್ಟುಕೊಂಡು ಬಂದು, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟ.

"ಏನೂ ಗೊತ್ತಾಗ್ತಿಲ್ಲ ಕಣೇ. ಮೂರೂ ಒಂದೇ ಥರ. ನಾಳೆ ಏನಂತ ಹೇಳ್ಲಿ?"

"ಕೊಡಿ ಇಲ್ಲಿ" ಎಂದಳು.

ಅಲ್ಲಿಂದ ಶುರು. ಸಂಜೆ ಪೊಟ್ಟಣ ಬರುತ್ತಿದ್ದವು, ಬೆಳಗ್ಗೆ ಒಲೆ ಹಚ್ಚುವ ಮೊದಲು, ಖಾಲಿ ಹೊಟ್ಟೆಯಲ್ಲಿ ಅವಳು ಮೂಸಿ ಹೇಳುತ್ತಿದ್ದಳು, ಅವನು ಬರೆದುಕೊಳ್ಳುತ್ತಿದ್ದ. ತಕ್ಷಣ ಯಾಕೆ ಹೇಳುವುದಿಲ್ಲ ಎಂದು ಸಾಹುಕಾರರು ಕೇಳಿದರೆ, "ವಾಸನೆ ಒಂದು ರಾತ್ರಿ ನೆಲೆ ನಿಲ್ಲಬೇಕು ಸಾರ್" ಅಂದುಬಿಟ್ಟ. ಅದೊಂದು ದೊಡ್ಡ ಶಾಸ್ತ್ರ ಎಂದು ಇಡೀ ಕಾರ್ಖಾನೆ ನಂಬಿತು!

ಇವಳು ಮೂಗು ಕೆಡಬಾರದೆಂದು ಏನೇನು ಬಿಟ್ಟಳು ಕೇಳಿ. ಪರಿಮಳದ ಸಾಬೂನು ಬಿಟ್ಟಳು, ಬರೀ ಕಡಲೆಹಿಟ್ಟಲ್ಲಿ ಮೈ ತೊಳೆದಳು. ತಲೆಗೆ ಎಣ್ಣೆ ಬಿಟ್ಟಳು, ಮುಖಕ್ಕೆ ಪೌಡರು ಬಿಟ್ಟಳು. ಹತ್ತು ಗಂಟೆಯ ಮೊದಲು ಈರುಳ್ಳಿ ಮುಟ್ಟಲಿಲ್ಲ. ಪಕ್ಕದ ಮನೆಯ ಮಗುವಿಗೆ ಪೌಡರು ಬಳಿದಿದ್ದಾರೆಂದು ಎತ್ತಿಕೊಳ್ಳದೆ, ‘ಮಕ್ಕಳಿಲ್ಲದವಳ ಹೊಟ್ಟೆಕಿಚ್ಚು’ ಎನ್ನಿಸಿಕೊಂಡಳು. ಆ ಮಾತು ಕೇಳಿ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತವಳು, ಕಾರಣ ಮಾತ್ರ ಹೇಳಲಿಲ್ಲ.

ಹೊಟ್ಟೆಕಿಚ್ಚು ಹುಟ್ಟಿದ್ದು ಬೇರೆ ಕಡೆ. ಕಾರ್ಖಾನೆಯವರು ಒಂದು ವರ್ಷ ಮೂಗಪ್ಪನಿಗೆ ಸನ್ಮಾನ ಮಾಡಿ ಗೋಡೆ ಗಡಿಯಾರ ಕೊಟ್ಟರು. ಸಾಹುಕಾರರು ಮೈಕು ಹಿಡಿದು ಅವನ ಪುಸ್ತಕದಿಂದ ಓದಿದರು: "ಒದ್ದೆ ಬಟ್ಟೆ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ ವಾಸನೆ. ನೆಲದಡಿ ಬಹಳ ದಿನ ಇದ್ದ ಬೀಗದ ಕೈ ವಾಸನೆ. ಆಹಾ, ಎಂಥಾ ಮಾತು!" ಜನ ಚಪ್ಪಾಳೆ ತಟ್ಟಿದರು. ಕೊನೆಯ ಸಾಲಿನಲ್ಲಿ ಕೂತು ಇವಳೂ ತಟ್ಟಿದಳು. ಕೈ ಕೆಸರು ಇವಳದು, ಬಾಯಿ ಮೊಸರು ಅವನದು. ಆ ಗಡಿಯಾರ ಟಿಕ್ ಅಂದಾಗಲೆಲ್ಲ ಅವಳಿಗೆ ಎದೆಯೊಳಗೆ ಒಂದು ಸಣ್ಣ ಉರಿ. ಆದರೂ ಬೆಳಗ್ಗೆ ಪೊಟ್ಟಣ ಬಿಚ್ಚುವ ಹೊತ್ತಿಗೆ, ‘ನಾನಿಲ್ಲದೆ ಇವರಿಗೆ ನಡೆಯೋದಿಲ್ಲ’ ಎಂಬ ಸಮಾಧಾನ ಇರುತ್ತಿತ್ತು. ಆ ಸಮಾಧಾನದ ಮೇಲೇ ಅವಳ ಸಂಸಾರ ನಿಂತಿತ್ತು.

ಅದಕ್ಕೆ ಕಲ್ಲು ಬಿದ್ದದ್ದು ಸಾಹುಕಾರರಿಂದ. ಮೂಗಪ್ಪ ಒಂದು ದಿನ ತಲೆನೋವು ತಡೆಯಲಾರದೆ ಗಾಜಿನ ಕೋಣೆಯಲ್ಲೇ ಕುಸಿದ. ಸಾಹುಕಾರರು ಹೌಹಾರಿದರು, ಆಮೇಲೆ ಯೋಚನೆ ಮಾಡಿದರು. "ಕಟ್ಟಿದ ಮೂಗಲ್ಲೇ ಇಷ್ಟು ಹೇಳ್ತಾನೆ ಅಂದ್ರೆ, ಬಿಚ್ಚಿದ್ರೆ ಇನ್ನೆಷ್ಟು ಹೇಳ್ತಾನೆ!" ಪರದೇಶದಲ್ಲಿ ಇದೇ ಆಪರೇಷನ್ನಿಗೆ ಹೆಸರಾದ ಆಸ್ಪತ್ರೆಯೊಂದಿತ್ತು. ಮೂಗಿನ ಹೊಳ್ಳೆಯಿಂದಲೇ ದುರ್ಬೀನಿನ ಕೊಳವೆ ಬಿಟ್ಟು ಗಡ್ಡೆ ತೆಗೆಯುತ್ತಾರಂತೆ, ಮುಖದ ಮೇಲೆ ಒಂದು ಗೀರೂ ಬೀಳುವುದಿಲ್ಲವಂತೆ. ಹೋಗಿಬರುವ ಖರ್ಚು ಸಾಹುಕಾರರದು. ಜೊತೆಗೆ ಒಬ್ಬರು ಹೋಗಬಹುದು.

ಆ ಒಬ್ಬರು ಯಾರು? ಅವನ ಅಕ್ಕ. ಇಪ್ಪತ್ತು ವರ್ಷದ ಹಿಂದೆ ಒಮ್ಮೆ ವಿಮಾನ ಹತ್ತಿ ಇಳಿದು, ಆ ಒಂದು ಪ್ರಯಾಣವನ್ನು ಇಂದಿಗೂ ಎಲ್ಲರ ಮುಂದೆ ಮೆಲುಕು ಹಾಕುವ ಮಹಾತಾಯಿ.

"ಅಕ್ಕ ಬರ್ಲಿ ಕಣೇ. ಅವಳಿಗೆ ಅಲ್ಲಿನ ಭಾಷೆ ನಾಲ್ಕು ಮಾತು ಬರುತ್ತೆ" ಎಂದ.

"ನಾನು ಬಂದ್ರೆ?"

"ನೀನು ಬಂದು ಏನ್ ಮಾಡ್ತೀಯ?"

"ಹನ್ನೊಂದು ವರ್ಷದಿಂದ ಏನ್ ಮಾಡ್ತಿದೀನೋ ಅದನ್ನೇ."

ಅವನು ನಕ್ಕ. ಕೆಟ್ಟ ನಗು ಅಲ್ಲ, ನಿಜವಾದ ಪ್ರೀತಿಯ ನಗು. "ಅದಕ್ಕೇ ಅಲ್ವೇನೇ ಹೋಗ್ತಿರೋದು? ಇನ್ಮೇಲೆ ನಿನಗೆ ಆ ಕಾಟ ಇರಲ್ಲ. ಬೆಳಗ್ಗೆ ಎದ್ದು ಆರಾಮಾಗಿ ಈರುಳ್ಳಿ ಹೆಚ್ಕೊಂಡಿರು."

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಅವಳು ಅವನ ಪೆಟ್ಟಿಗೆಗೆ ಬಟ್ಟೆ ತುಂಬಿದಳು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೊರಟಿತು, ಹೂವು ಬಿಟ್ಟ ಗಿಡ ಮಾತ್ರ ಮನೆಯಲ್ಲಿ ಉಳಿಯಿತು. ಅತ್ತಿಗೆಯ ಹೊಸ ಚಪ್ಪಲಿ ಕಂಡರೂ ಉರಿ, ವಿಮಾನದ ಚೀಟಿ ಕಂಡರೂ ಉರಿ. ಇವೆಲ್ಲ ಸಣ್ಣವು. ದೊಡ್ಡದು ಬೇರೆ ಇತ್ತು. ಅವನ ಮೂಗು ತೆರೆದರೆ ತನ್ನದು ಮತ್ತೆ ಹಾಲು ಒಡೆದದ್ದು ನೋಡುವ ಮೂಗು. ಬಾಗಿಲು ಹಾಕಿಕೊಂಡ ಮೇಲೆ, ‘ಆಪರೇಷನ್ ಆಗ್ಲಿ, ನೋವು ಹೋಗ್ಲಿ, ವಾಸನೆ ಮಾತ್ರ ಬರದೇ ಇರ್ಲಿ’ ಎಂದು ಬೇಡಿಕೊಂಡಳು. ಬೇಡಿಕೊಂಡದ್ದಕ್ಕೆ ನಾಚಿಕೆಯಾಗಿ, ಮತ್ತೆ ಎದ್ದು ಕೈಕಾಲು ತೊಳೆದಳು.

ಫೋನು ದಿನಾ ಬರುತ್ತಿತ್ತು. ಆಪರೇಷನ್ ಆಯಿತು, ಎರಡೂ ಹೊಳ್ಳೆಗೆ ಬಟ್ಟೆ ತುರುಕಿದ್ದಾರೆ. ಬಟ್ಟೆ ತೆಗೆದರು, ಮೂಗು ಸೀಟುವ ಹಾಗಿಲ್ಲ, ದಿನಕ್ಕೆ ಮೂರು ಸಲ ಉಪ್ಪುನೀರು ಹಾಯಿಸಬೇಕು. ಡಾಕ್ಟರು ಹೇಳುವತನಕ ವಿಮಾನ ಹತ್ತುವ ಹಾಗಿಲ್ಲ. ಅತ್ತಿಗೆ ನಡುವೆ ಫೋನು ಕಿತ್ತುಕೊಂಡು, "ಇಲ್ಲಿ ಬಾಗಿಲು ತಾನೇ ತೆರ್ಕೊಳ್ಳುತ್ತೆ ಕಣಮ್ಮಾ, ನೀನು ನೋಡ್ಬೇಕಿತ್ತು!" ಎಂದು ಬೆಂದ ಗಾಯಕ್ಕೆ ಉಪ್ಪು ಸವರುತ್ತಿದ್ದಳು.

ಹನ್ನೆರಡನೇ ದಿನ ಅವನ ದನಿಯೇ ಬೇರೆ ಇತ್ತು.

"ಬಂತು ಕಣೇ! ವಾಸನೆ ಬಂತು! ನರ್ಸು ನನ್ನ ಮೂಗು ನೋಡೋಕೆ ಕೈ ಹತ್ರ ತಂದ್ಲು ನೋಡು, ಆ ಕೈ... ಬಿಸಿಲಲ್ಲಿ ಒಣಗಿಸಿದ ನಿಂಬೆ ಸಿಪ್ಪೆ. ಅದರ ಮೇಲೆ, ಈಗಷ್ಟೇ ಒಲೆಯಿಂದ ಇಳಿಸಿದ ಹಾಲು. ಏನೋ ಕ್ರೀಮ್ ಹಚ್ಕೋತಾಳಂತೆ. ನಾನು ಹೇಳಿದ್ದು ಕೇಳಿ ಅವಳಿಗೆ ಎಷ್ಟು ಖುಷಿ ಅಂತೀಯ!"

ಅವಳಿಗೆ ಕಿವಿಯವರೆಗೂ ಬೆಂಕಿ ಹತ್ತಿತು. ಹೆಂಗಸಿನ ಕೈ ಮೂಸಿದನೆಂದೇ? ಅದೂ ಹೌದು, ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಆ ನಿಂಬೆ ಸಿಪ್ಪೆ, ಆ ಇಳಿಸಿದ ಹಾಲು, ಹಾಗೆ ಮಾತಾಡುವುದು ಇವಳದು. ವಾಸನೆಗೆ ಮಾತು ಕೊಡುವುದನ್ನು ಅವನಿಗೆ ಕಲಿಸಿದ್ದೇ ಇವಳು. ಹನ್ನೊಂದು ವರ್ಷ ಒಂದೊಂದಾಗಿ ಕೊಟ್ಟದ್ದನ್ನು ಅವನು ಮೊದಲ ದಿನವೇ ಯಾರದೋ ಅಂಗೈಗೆ ಸುರಿದಿದ್ದ.

"ಸರಿ, ಉಪ್ಪುನೀರು ಬಿಟ್ಕೊಳ್ಳಿ" ಎಂದು ಫೋನಿಟ್ಟಳು.

ಇಟ್ಟು ತಿರುಗುವಷ್ಟರಲ್ಲಿ ಬಾಗಿಲಲ್ಲಿ ಸಾಹುಕಾರರು. ಕೈಯಲ್ಲಿ ಮೂರು ಪೊಟ್ಟಣ. "ಹೇಗಿದ್ದಾನೆ ತಾಯಿ ನಮ್ಮ ಮೂಗಪ್ಪ? ಇಲ್ಲಿ ಮೂರು ಕೊಪ್ಪರಿಗೆ ಪಾಕ ಕೂತುಬಿಟ್ಟಿದೆ. ಅಚ್ಚಿಗೆ ಕಳಿಸೋಣ ಅಂತಾರೆ ಎಲ್ರೂ, ನನಗೆ ಧೈರ್ಯ ಇಲ್ಲ. ಇವನ್ನ ಒಳಗಿಟ್ಟಿರಿ, ಬಂದ ತಕ್ಷಣ ತೋರಿಸಿ."

ಅವಳು ಪೊಟ್ಟಣ ತೆಗೆದುಕೊಂಡಳು. ಬಿಚ್ಚಲೂ ಇಲ್ಲ.

"ನಡುವಿನದು ಕಳಿಸ್ಬೇಡಿ. ಮೇಲೆ ಗುಲಾಬಿ ಇದೆ, ಕೆಳಗೆ ಎಣ್ಣೆ ಕಮಟು. ತಗಡಿನ ಡಬ್ಬದ ಮೂಲೆಯಲ್ಲಿ ಉಳಿದ ಹಳೇ ಎಣ್ಣೆ ಮೇಲೆ ಹೊಸದು ಸುರಿದಿದ್ದಾರೆ. ಇವತ್ತು ಯಾರಿಗೂ ಗೊತ್ತಾಗಲ್ಲ, ಎಂಟು ದಿನ ಬಿಟ್ಟು ಎಲ್ರಿಗೂ ಗೊತ್ತಾಗುತ್ತೆ."

ಸಾಹುಕಾರರು ಬಾಯಿ ತೆರೆದು ನಿಂತರು. "ಇದು... ಇದು ಅವನ ಮಾತಲ್ವಾ?"

"ಅವರ ಮಾತಲ್ಲ" ಎಂದಳು. ಅಷ್ಟು ಹೇಳಿ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ. ಹೊಸ್ತಿಲ ಮೇಲೆ ಗಂಡ ಅತ್ತ ಸಂಜೆಯಿಂದ ಹಿಡಿದು ಒಂದು ರಾತ್ರಿ ನೆಲೆ ನಿಲ್ಲುವ ಶಾಸ್ತ್ರದವರೆಗೆ ಎಲ್ಲ ಆಡಿಬಿಟ್ಟಳು.

ಸಾಹುಕಾರರು ನಂಬುವ ಹಾಗೆ ಕಾಣಲಿಲ್ಲ. ಅವಳೇ ಅಂದಳು, "ನೀವು ಇವತ್ತು ನಮ್ಮ ಕಾರ್ಖಾನೆ ಸೋಪಲ್ಲಿ ಸ್ನಾನ ಮಾಡಿಲ್ಲ. ಬೇರೆ ಕಂಪನಿದು."

ಅವರು ಥಟ್ಟನೆ ಬೀದಿಯ ಕಡೆ ನೋಡಿದರು. "ಮೆಲ್ಲಗೆ ಮಾತಾಡಿ ತಾಯಿ!" ಆಮೇಲೆ ಕುರ್ಚಿ ಹುಡುಕಿ ಕೂತು, ತಲೆ ಕೆರೆದುಕೊಂಡರು. "ಹಾಗಾದ್ರೆ ನಾನು ಯಾವ ಮೂಗನ್ನ ರಿಪೇರಿಗೆ ಕಳಿಸ್ದೆ?"

ಮರುದಿನದಿಂದ ಗಾಜಿನ ಕೋಣೆಯಲ್ಲಿ ಅವಳು ಕೂತಳು. ಕೋಟಿನ ತೋಳು ಉದ್ದ, ಎರಡು ಸಲ ಮಡಚಬೇಕಾಯಿತು. ಎಣ್ಣೆ ಡಬ್ಬ ತೆಗೆದು ನೋಡಿದರೆ ಅವಳು ಹೇಳಿದ್ದು ಹೇಳಿದ ಹಾಗೇ ಇತ್ತು. ಪೊಟ್ಟಣ ಮನೆಗೆ ಒಯ್ಯಬೇಕಿಲ್ಲ, ರಾತ್ರಿ ಕಾಯಬೇಕಿಲ್ಲ, ನಿಂತ ನಿಲುವಿನಲ್ಲಿ ತೀರ್ಪು. ಜನ ಮೊದಲು ಮೂಗು ಮುರಿದರು, ನಾಲ್ಕನೇ ದಿನಕ್ಕೆ ‘ಅಮ್ಮಾ’ ಅನ್ನತೊಡಗಿದರು. ಸಾಹುಕಾರರು ಮಾತ್ರ ಒಂದು ಮಾತು ಖಡಾಖಂಡಿತ ಹೇಳಿದರು. "ಕುರ್ಚಿ ಒಂದೇ ಇರೋದು. ಅವನಿಗೂ ಈಗ ಮೂಗು ಬಂದಿದೆ. ಗಂಡ ಹೆಂಡ್ತಿ ಮಧ್ಯೆ ನಾನು ಬರಲ್ಲ. ಅವನು ಬಂದ ಮಾರನೇ ದಿನ ನಿಮ್ಮಲ್ಲಿ ಯಾರು ಬರ್ತೀರೋ ಅವರದೇ ಕುರ್ಚಿ."

ಫೋನಿನಲ್ಲಿ ಅವಳು ಗಂಡನಿಗೆ ಇದ್ಯಾವುದನ್ನೂ ಹೇಳಲಿಲ್ಲ.

ಅವನು ಬಂದ. ಅಕ್ಕನನ್ನು ಅವಳ ಮನೆಗೆ ಬಿಟ್ಟು, ಪೆಟ್ಟಿಗೆ ನಡುಮನೆಯಲ್ಲೇ ಇಳಿಸಿ, ಮನೆಯೆಲ್ಲ ಮೂಸತೊಡಗಿದ. ಬೀರು ತೆಗೆದು ಮೂಸಿದ, ಪರದೆ ಮೂಸಿದ, ಗೋಡೆಗೆ ಮೂಗು ಹಚ್ಚಿ ಸುಣ್ಣ ಮೂಸಿದ. ಮಗುವಿನ ಹಾಗೆ ನಗುತ್ತಿದ್ದ. ಅವಳಿಗೂ ಒಂದು ಕ್ಷಣ ಕಣ್ಣು ತುಂಬಿತು. ಕೊನೆಗೆ ಅವಳ ಹತ್ತಿರ ಬಂದು, ಕುತ್ತಿಗೆಯ ಬಳಿ ಮೂಗು ತಂದು, ಒಂದು ಸಲ ಎಳೆದ. ಇನ್ನೊಂದು ಸಲ ಎಳೆದ. ಮುಖ ಬಾಡಿತು.

"ನಿನಗೆ ಯಾವ ವಾಸನೆನೂ ಇಲ್ವಲ್ಲೇ? ಮೂಗು ಇನ್ನೂ ಪೂರ್ತಿ ಬಿಟ್ಟಿಲ್ಲ ಅನ್ಸುತ್ತೆ." ಹಾಗೆಂದು ಪೆಟ್ಟಿಗೆಯಿಂದ ಒಂದು ಚಂದದ ಸೀಸೆ ತೆಗೆದ. "ತಗೋ, ನಿನಗೇ ಅಂತ ತಂದೆ. ಆ ನರ್ಸನ್ನೇ ಅಂಗಡಿ ಕೇಳ್ಕೊಂಡು ಹೋಗಿ ತಂದೆ. ಹಚ್ಕೋ, ನೋಡೋಣ."

ಅವಳು ಸೀಸೆ ಹಿಡಿದು ನಿಂತಳು. ಮುಚ್ಚಳ ತೆಗೆಯದಿದ್ದರೂ ನಿಂಬೆ ಸಿಪ್ಪೆ ಬಂತು, ಹಾಲೂ ಬಂತು.

"ಮೂಗು ಸರಿಯಾಗೇ ಇದೆ ರೀ. ವಾಸನೆ ಇಲ್ದೇ ಇರೋದು ನನಗೇ. ನಿಮ್ಮ ಪೊಟ್ಟಣ ಕೆಡಬಾರ್ದು ಅಂತ ಹನ್ನೊಂದು ವರ್ಷ ಮೈಗೆ ಏನೂ ಸೋಕಿಸಿಕೊಳ್ಳಲಿಲ್ಲ. ಒಂದು ಮಗೂನ ಎತ್ಕೊಳ್ಳಲಿಲ್ಲ. ಈಗ ಯಾವಳದೋ ವಾಸನೆ ಹಚ್ಕೊಂಡು ನಿಮಗೆ ಹೆಂಡ್ತಿ ಆಗ್ಬೇಕಾ ನಾನು?"

ಅವಳು ಉಳಿದದ್ದನ್ನೂ ಹೇಳಿದಳು: ನಡುವಿನ ಪೊಟ್ಟಣ, ಸಾಹುಕಾರರು, ಗಾಜಿನ ಕೋಣೆ.

ಅವನು ಪೆಟ್ಟಿಗೆಯ ಮೇಲೇ ಕೂತ. "ಯಾರ್ಯಾರಿಗೆ ಗೊತ್ತು?"

"ಎಲ್ರಿಗೂ."

"ನನ್ನ ಕುರ್ಚಿ?"

"ನಾಳೆ ಬೆಳಗ್ಗೆ ಯಾರು ಹೋಗ್ತೀವೋ ಅವರದು."

ಅವನು ಗೋಡೆಯ ಗಡಿಯಾರದ ಕಡೆ ನೋಡಿದ. ಅವಳು ಸೀಸೆಯನ್ನು ಅವನ ಕೈಗೆ ವಾಪಸು ಕೊಟ್ಟಳು.

"ಇದನ್ನ ನೀವೇ ಹಚ್ಕೊಳ್ಳಿ. ನನಗೆ ಬೆಳಗ್ಗೆ ಕೆಲಸ ಇದೆ."

ಬೆಳಗಿನ ಜಾವ ಅವಳಿಗೆ ಎಚ್ಚರವಾಯಿತು. ಕಣ್ಣು ಬಿಡುವ ಮೊದಲೇ ಪಕ್ಕದಿಂದ ನಿಂಬೆ ಸಿಪ್ಪೆ, ಅದರ ಮೇಲೆ ಇಳಿಸಿದ ಹಾಲು. ಅವನು ಎರಡೂ ಕೈಗೆ ಮೊಣಕೈವರೆಗೂ ಬಳಿದುಕೊಂಡು, ಆ ಕೈಗಳನ್ನು ಎದೆಯ ಮೇಲಿಟ್ಟುಕೊಂಡು, ಸೂರು ನೋಡುತ್ತ ಮಲಗಿದ್ದ. ಅಷ್ಟು ಹಚ್ಚಿಕೊಂಡವನನ್ನು ಗಾಜಿನ ಕೋಣೆಯ ಆ ಫಲಕದ ಬಾಗಿಲು ಮೂರು ದಿನ ಒಳಗೆ ಬಿಡುವುದಿಲ್ಲ. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವಳು ಅವನ ಕಡೆ ಕೈ ಚಾಚಿ, ಹಾಗೇ ಹಿಂದಕ್ಕೆ ಎಳೆದುಕೊಂಡಳು. ಹಾಗಂತ ಹೊಟ್ಟೆಕಿಚ್ಚು ಆರಿತು ಅನ್ನಲಾರೆ, ಆ ನರ್ಸಿನ ಕೈ ನೆನಪಾಗಿ ಇನ್ನೊಮ್ಮೆ ಉರಿಯಿತು.

"ಅಲ್ಲೇ ಇರಿ, ಹತ್ತಿರ ಬರ್ಬೇಡಿ" ಎಂದು ಎದ್ದು, ತನ್ನ ಬಟ್ಟೆಗೆ ಅಂಟದ ಹಾಗೆ ಕಿಟಕಿಗಳನ್ನೆಲ್ಲ ತೆರೆದಳು. "ಸಂಜೆ ಬಂದ್ಮೇಲೆ ನೋಡೋಣ."