ಒಂದು ಉಚಿತ ಈಜುಪಾಠಕ್ಕೆ ಅರ್ಜಿ

ನಲವತ್ತೆರಡನೆಯ ವಯಸ್ಸಿನಲ್ಲಿ ನನ್ನ ಹೆಂಡತಿ ಈಜು ಕಲಿಯುವುದಾಗಿ ಘೋಷಿಸಿದಳು. ಆಗ ನಾವು ಸಿಡ್ನಿಯ ಟೂಂಗಾಬಿಯಲ್ಲಿದ್ದೆವು. ಸ್ನಾನದ ನೀರು ಮೂಗಿಗೆ ಹೋದರೂ ಬೆಚ್ಚಿಬೀಳುವವಳು ಆಕೆ. ಹತ್ತಿರದ ಈಜುಶಾಲೆಯ ವೆಬ್‌ಸೈಟಿನಲ್ಲಿ ಮೊದಲ ಪಾಠ ಉಚಿತವೆಂದಿತ್ತು. ಕೋರಿಕೆಯನ್ನು ಅಲ್ಲೇ ಬರೆದು ಕಳಿಸಬೇಕು.

ಸರ್ಕಾರಿ ಕಚೇರಿಗಳಿಗೆ ಅರ್ಜಿ ಬರೆದು ಪಳಗಿದ ಕೈ ನನ್ನದು. ಬರೆದದ್ದು ಇಂಗ್ಲಿಷಿನಲ್ಲಾದರೂ ‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬ ಧಾಟಿಯಲ್ಲೇ ಶುರುಮಾಡಿ, ಆಕೆಯ ವಿದ್ಯಾರ್ಹತೆ, ಸನ್ನಡತೆ, ನನ್ನ ಉದ್ಯೋಗ ಎಲ್ಲವನ್ನೂ ವಿನಮ್ರವಾಗಿ ನಿವೇದಿಸಿದೆ.

“ರೀ, ಈಜು ಕಲ್ಸಿ ಅಂತ ಕೇಳ್ತಿದೀರಾ, ಇಲ್ಲ ನನ್ನನ್ನ ಕೆಲಸಕ್ಕೆ ಹಾಕ್ತಿದೀರಾ?” ಎಂದು ಆಕೆ ಅದಷ್ಟನ್ನೂ ಅಳಿಸಿ ಒಂದೇ ಸಾಲು ಬರೆದಳು: ‘ನನಗೆ ನೀರೆಂದರೆ ಭಯ, ಬರಬಹುದೇ?’

ಅಷ್ಟನ್ನು ಒಪ್ಪಿಕೊಳ್ಳಲು ನನಗಾದರೆ ಮೂರು ಲಗತ್ತುಗಳು ಬೇಕಾಗುತ್ತಿದ್ದವು. ಸಂಜೆಯೊಳಗೆ ಉತ್ತರ ಬಂತು: ಶನಿವಾರ ಬನ್ನಿ, ಟವೆಲ್ ತನ್ನಿ.

ಶನಿವಾರ ನಾನು ಟವೆಲ್ ಹಿಡಿದು, ಈಜು ಕಲಿಯಲು ಬಂದ ಮಕ್ಕಳ ತಾಯಂದಿರ ಸಾಲಿನಲ್ಲಿ ಕೂತೆ. ಆಕೆ ಸೊಂಟಮಟ್ಟದ ನೀರಿನಲ್ಲಿ, ಕೊಳದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅರ್ಧ ಗಂಟೆಯ ಪಾಠದಲ್ಲಿ ಇಪ್ಪತ್ತು ನಿಮಿಷ ಹಾಗೆಯೇ ಕಳೆಯಿತು. ಆಮೇಲೆ ಒಂದು ಕೈ ಬಿಟ್ಟಳು. ಇನ್ನೊಂದನ್ನೂ ಬಿಟ್ಟು, ಮೂಗು ಹಿಡಿದು ಮುಳುಗಿಯೇಬಿಟ್ಟಳು. ನಾನು ಎದ್ದು ನಿಂತೆ.

ಕೆಮ್ಮುತ್ತ ಮೇಲೆ ಬಂದವಳು, “ನೋಡಿದ್ರಾ?” ಎಂದು ಇಡೀ ಕೊಳಕ್ಕೆ ಕೇಳುವಂತೆ ಕೂಗಿದಳು.

“ನೋಡ್ದೆ, ನೋಡ್ದೆ. ಸಾಕು, ಬಾ.”

“ಸಾಕಾ? ಇನ್ನೂ ಹತ್ತು ನಿಮಿಷ ಇದೆ ರೀ,” ಎಂದು ಮತ್ತೆ ಮುಳುಗಿದಳು.